ಟಾರ್ಚ್ ಕೊಳ್ಳುವಾಗ ಮೊದಲು ಸೆಲ್ ನೋಡಿ

ಮಲೆನಾಡಿನ ಮನೆಗಳಲ್ಲಿ ಈಗಲೂ ಟಾರ್ಚಿಗೆ ‘ಬ್ಯಾಟ್ರಿ’ ಎಂದೇ ಹೆಸರು. ‘ಕತ್ಲಾತು, ಬ್ಯಾಟ್ರಿ ತಗಂಡು ಹೋಗು’ ಎನ್ನುತ್ತಾರೆ. ಬಲ್ಬು ಹೋಗಿ ಎಲ್‌ಇಡಿ ಬಂದ ಮೇಲೂ ಆ ಹೆಸರೇ ಸರಿ ಅನ್ನಿಸುತ್ತದೆ. ಎಲ್‌ಇಡಿ, ಗಾಜು, ಸ್ವಿಚ್ಚು, ಅಲ್ಯೂಮಿನಿಯಂ ಕೊಳವೆ ಇವೆಲ್ಲ ಒಳಗಿರುವ ಶಕ್ತಿಯನ್ನು ಬೆಳಕು ಮಾಡಿ ಹೊರಗೆ ಕಳಿಸುವ ಸಾಮಾನು. ಒಳಗೆ ಇಲ್ಲದ ಶಕ್ತಿಯನ್ನು ಯಾವ ಕಂಪನಿಯೂ ಹೊರಗೆ ತರಲಾರದು. ಹಾಗಿದ್ದೂ ಆನ್‌ಲೈನಿನಲ್ಲಿ 400 ರೂಪಾಯಿಗೆ ‘1,00,000 ಲ್ಯೂಮೆನ್ ಮಿಲಿಟರಿ ಟಾರ್ಚ್’ ಸಿಗುತ್ತದೆ. ಲ್ಯೂಮೆನ್ ಅಂದರೆ ಬೆಳಕಿನ ಅಳತೆ. ಅದೆಷ್ಟು ಸುಳ್ಳು ಎಂದು ತಿಳಿಯಲು ಪರಿಣತಿ ಬೇಡ, ಒಂದು ಗುಣಾಕಾರ ಸಾಕು.

ಇಲ್ಲಿ ಹೇಳುತ್ತಿರುವುದು ಒಂದೇ ಬಗೆಯ ಟಾರ್ಚಿನ ವಿಷಯ: ಪ್ಯಾಂಟಿನ ಜೇಬಿನಲ್ಲಿ ಹಿಡಿಯಬೇಕು, ಒಂದೇ ಕೈಯಲ್ಲಿ ಹೊತ್ತಿಸಲು ಬರಬೇಕು, ಬಿದ್ದರೂ ನೆಂದರೂ ಕೆಡಬಾರದು. ರಾತ್ರಿ ಮೂರು ಫೇಸ್ ಕರೆಂಟು ಬಂದಾಗ ಪಂಪ್‌ಸೆಟ್ಟಿಗೆ ಹೋಗುವವರು, ರಾತ್ರಿ ಪಾಳಿಯ ಕಾವಲುಗಾರರು, ಗಸ್ತಿನ ಪೊಲೀಸರು, ಅರಣ್ಯ ಇಲಾಖೆಯ ವಾಚರ್‌ಗಳು, ಬೈಕಿನಲ್ಲಿ ದೂರ ಹೋಗುವವರು ಇವರಿಗೆಲ್ಲ ಬೇಕಾದದ್ದು ಹೆಚ್ಚು ಕಡಿಮೆ ಇದೇ. ‘ಟ್ಯಾಕ್ಟಿಕಲ್’ ಎಂಬ ಪದವನ್ನು ಕಪ್ಪು ಬಣ್ಣ ಬಳಿದ ಎಲ್ಲದಕ್ಕೂ ಅಂಟಿಸುತ್ತಾರೆ. ಅದರ ನಿಜವಾದ ಅರ್ಥ ಚಿಕ್ಕದು. ಕತ್ತಲಲ್ಲಿ, ಕೈ ನಡುಗುವಾಗ, ಯೋಚಿಸಲು ಪುರುಸೊತ್ತಿಲ್ಲದಾಗ ಬೆರಳು ಒಂದೇ ಕಡೆ ಹೋಗಿ ಒತ್ತಿದರೆ ತಕ್ಷಣ ಪೂರ್ತಿ ಬೆಳಕು ಬರಬೇಕು. ಮತ್ತೊಮ್ಮೆ ಒತ್ತಿದಾಗಲೂ ಅದೇ ಆಗಬೇಕು.

ಮೊದಲು ಗುಣಾಕಾರ

ಈ ಗಾತ್ರದ ಟಾರ್ಚಿಗೆ ಸರಿಹೊಂದುವ ಸೆಲ್ 18650. ಹೆಸರಿನಲ್ಲೇ ಅಳತೆ ಇದೆ: 18 ಮಿ.ಮೀ. ಅಡ್ಡಳತೆ, 65 ಮಿ.ಮೀ. ಉದ್ದ. ಲಿಥಿಯಂ ಅಯಾನ್ ಜಾತಿಯದು, ಸರಾಸರಿ 3.6 ವೋಲ್ಟ್, ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಯೊಳಗೆ ಸಾಲಾಗಿ ಇರುತ್ತಿದ್ದದ್ದು ಇದೇ. ಪ್ಯಾನಸಾನಿಕ್, ಸ್ಯಾಮ್‌ಸಂಗ್, ಎಲ್‌ಜಿ ಕಂಪನಿಗಳ ಒಳ್ಳೆಯ 18650 ಸೆಲ್ಲುಗಳ ಸಾಮರ್ಥ್ಯ 3,000ದಿಂದ 3,500 ಮಿಲಿ ಆಂಪಿಯರ್ ಅವರ್. ಹಾಗಾಗಿ 9,900 ಎಂದು ಬರೆದ 18650 ಕಂಡರೆ ಅದು ನಕಲಿ, ಅದರಲ್ಲಿ ಅನುಮಾನವೇ ಬೇಡ. ತಕ್ಕಡಿಯೂ ಸಾಕ್ಷಿ ಹೇಳುತ್ತದೆ. ಅಸಲಿ ಸೆಲ್ 45ರಿಂದ 50 ಗ್ರಾಂ ತೂಗುತ್ತದೆ. ನಕಲಿಗಳು ಬಹಳಷ್ಟು ಸಲ 30–35 ಗ್ರಾಂ ಮಾತ್ರ.

3,500 ಮಿಲಿ ಆಂಪಿಯರ್ ಅವರ್ ಅಂದರೆ 3.5 ಆಂಪಿಯರ್ ಅವರ್. ಅದನ್ನು 3.6 ವೋಲ್ಟಿನಿಂದ ಗುಣಿಸಿದರೆ 12.6 ವ್ಯಾಟ್ ಅವರ್, ಅದು ಸೆಲ್ಲಿನೊಳಗಿನ ಒಟ್ಟು ಶಕ್ತಿ. ಇಡೀ ಟಾರ್ಚಿನ ಬಂಡವಾಳ ಇಷ್ಟೇ. ಒಳ್ಳೆಯ ಬಿಳಿ ಎಲ್‌ಇಡಿ, ಸರ್ಕ್ಯೂಟಿನಲ್ಲೂ ಗಾಜಿನಲ್ಲೂ ಆಗುವ ನಷ್ಟ ಕಳೆದು, ಒಂದು ವ್ಯಾಟಿಗೆ ಸುಮಾರು 100 ಲ್ಯೂಮೆನ್ ಕೊಡುತ್ತದೆ ಎಂದುಕೊಳ್ಳಿ. ಆಗ 1,000 ಲ್ಯೂಮೆನ್ ಸುಮಾರು ಒಂದೂಕಾಲು ಗಂಟೆ ಬರುತ್ತದೆ, 300 ಲ್ಯೂಮೆನ್ ನಾಲ್ಕು ಗಂಟೆ, 100 ಲ್ಯೂಮೆನ್ ಹನ್ನೆರಡು ಗಂಟೆ. ಕಡಿಮೆ ಬೆಳಕಿನಲ್ಲಿ ಎಲ್‌ಇಡಿಯ ದಕ್ಷತೆ ಹೆಚ್ಚುವುದರಿಂದ ಕೊನೆಯ ಎರಡು ಇನ್ನೂ ಸ್ವಲ್ಪ ಚೆನ್ನಾಗಿಯೇ ಇರುತ್ತವೆ. ಇನ್ನು ಒಂದೇ ಸೆಲ್ಲಿನ ಟಾರ್ಚಿನ ಡಬ್ಬದ ಮೇಲೆ ‘3,000 ಲ್ಯೂಮೆನ್, 8 ಗಂಟೆ’ ಎಂದಿದ್ದರೆ ಅದಕ್ಕೆ 240 ವ್ಯಾಟ್ ಅವರ್ ಬೇಕು, ಅಂದರೆ ಹತ್ತೊಂಬತ್ತು ಸೆಲ್ಲು. ಜೇಬಿಗೆ ಹತ್ತೊಂಬತ್ತು ಸೆಲ್ ಹಿಡಿಯುವುದಿಲ್ಲ.

ಇದೇ ಲೆಕ್ಕದಲ್ಲಿ ಮೂರು ಎಎಎ ಸೆಲ್ಲಿನ ಟಾರ್ಚನ್ನು ನೋಡಿ. ಚಾರ್ಜ್ ಮಾಡುವ ನಿಕ್ಕಲ್ ಎಎಎ ಸೆಲ್ 800 ಮಿಲಿ ಆಂಪಿಯರ್ ಅವರ್, 1.2 ವೋಲ್ಟ್. ಮೂರೂ ಸೇರಿ 2.9 ವ್ಯಾಟ್ ಅವರ್ ಕೂಡ ಇಲ್ಲ, 18650ರ ಕಾಲು ಭಾಗದಷ್ಟೂ ಆಗಲಿಲ್ಲ. ಮೇಲಾಗಿ ಆ ಮೂರನ್ನು ಹಿಡಿದಿಡುವ ಪ್ಲಾಸ್ಟಿಕ್ ಬುಟ್ಟಿಯೇ ಆ ಟಾರ್ಚಿನ ಅತಿ ದುರ್ಬಲ ಭಾಗ. ನಾಲ್ಕು ಸಲ ಬಿದ್ದರೆ ಅದರ ತಗಡಿನ ಪಟ್ಟಿ ಜರುಗಿ ಸಂಪರ್ಕ ತಪ್ಪುತ್ತದೆ.

ಗೋಡೆಯ ಪ್ಲಗ್ಗಿಗೆ ನೇರ ಸಿಗಿಸುವ ಪ್ಲಾಸ್ಟಿಕ್ ಟಾರ್ಚುಗಳೂ ಹಳ್ಳಿಯ ಅಂಗಡಿಗಳಲ್ಲಿ ಬಹಳ. ಅವುಗಳಲ್ಲಿ ಎಷ್ಟೋ ಟಾರ್ಚುಗಳ ಒಳಗೆ 4 ವೋಲ್ಟಿನ ಸೀಸ-ಆಮ್ಲದ ಬ್ಯಾಟರಿ ಇರುತ್ತದೆ. ಅದನ್ನು ಖಾಲಿ ಮಾಡಿ ಹಾಗೇ ಇಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಒಂದು ಮಳೆಗಾಲ ಕಳೆಯುವುದರೊಳಗೆ ಚಾರ್ಜ್ ಹಿಡಿಯುವುದೇ ನಿಲ್ಲುತ್ತದೆ. ಮನೆಯೊಳಗೆ ದಿನಾ ಚಾರ್ಜಿಗೆ ಹಾಕುವವರಿಗೆ ಅದು ನಡೆಯುತ್ತದೆ. ಹೊರಗೆ ಒಯ್ಯುವ ಟಾರ್ಚ್ ಅದಲ್ಲ.

ದಪ್ಪ ಸೆಲ್ ಬೇಕೆನ್ನುವವರಿಗೆ 21700 ಇದೆ: 21 ಮಿ.ಮೀ. ಅಡ್ಡಳತೆ, 70 ಮಿ.ಮೀ. ಉದ್ದ, ಸುಮಾರು 5,000 ಮಿಲಿ ಆಂಪಿಯರ್ ಅವರ್, 70 ಗ್ರಾಂ. ಬೆಲ್ಟಿನ ಚೀಲದಲ್ಲಿ ಇಡುವುದಾದರೆ ಅದೇ ಒಳ್ಳೆಯದು. ಪಂಚೆಯ ಮಡಿಕೆಯಲ್ಲಿ, ಅಂಗಿ ಜೇಬಿನಲ್ಲಿ ಒಯ್ಯುವವರಿಗೆ ಭಾರವಾಗುತ್ತದೆ. ಹತ್ತಿರದ ಪೇಟೆಯೇ ಇಪ್ಪತ್ತು ಮೈಲಿ ದೂರ, ಚಾರ್ಜ್ ಮಾಡಲು ಕರೆಂಟೂ ನೆಚ್ಚಿಕೊಳ್ಳುವಂತಿಲ್ಲ ಎಂಬ ಜಾಗದಲ್ಲಿ ಎಎ ಸೆಲ್ಲಿನ ಟಾರ್ಚಿಗೂ ಬೆಲೆ ಇದೆ, ಯಾಕೆಂದರೆ ಎಎ ಸೆಲ್ ಬೀಡಾ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಅದರಲ್ಲಿ 100–150 ಲ್ಯೂಮೆನ್ನಿಗಿಂತ ಹೆಚ್ಚು ನಿರೀಕ್ಷಿಸಬಾರದು.

ಲ್ಯೂಮೆನ್, ಕ್ಯಾಂಡೆಲಾ, ಬಿಸಿ

ಲ್ಯೂಮೆನ್ ಅಂದರೆ ಟಾರ್ಚಿನ ಬಾಯಿಂದ ಹೊರಬರುವ ಒಟ್ಟು ಬೆಳಕು. ಕ್ಯಾಂಡೆಲಾ ಅಂದರೆ ಆ ಬೆಳಕು ಒಂದೇ ದಿಕ್ಕಿಗೆ ಎಷ್ಟು ಒತ್ತಾಗಿ ಹೋಗುತ್ತದೆ ಎಂಬ ಲೆಕ್ಕ. ಕೊಡದ ನೀರನ್ನು ಅಂಗಳಕ್ಕೆ ಚೆಲ್ಲುವುದಕ್ಕೂ ಅದೇ ನೀರನ್ನು ಪೈಪಿನ ಬಾಯಿ ಹಿಡಿದು ಚಿಮ್ಮಿಸುವುದಕ್ಕೂ ಇರುವ ವ್ಯತ್ಯಾಸ ಇದು. ತೋಟದ ಆ ತುದಿಯಲ್ಲಿ ಅಲುಗಿದ್ದು ಏನು ಎಂದು ನೋಡಲು ಕ್ಯಾಂಡೆಲಾ ಬೇಕು. ಕಾಲ ಬುಡದಲ್ಲಿ, ಸುತ್ತಮುತ್ತ ಏನಿದೆ ಎಂದು ನೋಡಲು ಲ್ಯೂಮೆನ್ ಸಾಕು.

ಅಮೆರಿಕದಲ್ಲಿ 2009ರಲ್ಲಿ ಬಂದ ಎಎನ್‌ಎಸ್‌ಐ ಎಫ್‌ಎಲ್1 ಎಂಬ ಮಾನದಂಡವನ್ನು ಈಗ ಗಂಭೀರವಾದ ತಯಾರಕರಲ್ಲಿ ಹೆಚ್ಚಿನವರು ಪಾಲಿಸುತ್ತಾರೆ. ಡಬ್ಬದ ಮೇಲೆ ಚಿಕ್ಕ ಚಿಕ್ಕ ಚೌಕಗಳಲ್ಲಿ ಲ್ಯೂಮೆನ್, ದೂರ, ಕ್ಯಾಂಡೆಲಾ, ಗಂಟೆ, ಬೀಳುವ ಎತ್ತರ, ನೀರಿನ ಅಂಕಿ ಇರುತ್ತವೆ. ಅದು ಇಲ್ಲದ ಟಾರ್ಚಿನ ಅಂಕಿಗಳನ್ನು ನಂಬಲೇಬೇಡಿ. ಇದ್ದರೂ ಓದುವ ಬಗೆ ಗೊತ್ತಿರಬೇಕು. ದೂರ ಎಂದರೆ ಬೆಳಕು 0.25 ಲಕ್ಸ್‌ಗೆ ಇಳಿಯುವ ಜಾಗ, ಅಂದರೆ ಹುಣ್ಣಿಮೆಯ ಬೆಳದಿಂಗಳಷ್ಟು. ಕ್ಯಾಂಡೆಲಾದ ವರ್ಗಮೂಲವನ್ನು ಎರಡರಿಂದ ಗುಣಿಸಿದರೆ ಆ ದೂರ ಮೀಟರಿನಲ್ಲಿ ಬರುತ್ತದೆ: 10,000 ಕ್ಯಾಂಡೆಲಾ ಇದ್ದರೆ 200 ಮೀಟರ್. ಆದರೆ ಬೆಳದಿಂಗಳಲ್ಲಿ ನಿಂತಿರುವುದು ದನವೋ ಕಾಟಿಯೋ (ಕಾಡುಕೋಣ) ಎಂದು ಗುರುತು ಹಿಡಿಯುವುದು ಕಷ್ಟ. ಕಣ್ಣಿಗೆ ನಿಜವಾಗಿ ಕೆಲಸಕ್ಕೆ ಬರುವ ದೂರ ಬರೆದದ್ದರ ಅರ್ಧ, ಕೆಲವೊಮ್ಮೆ ಮೂರನೇ ಒಂದು ಭಾಗ. ದೂರ ಎರಡು ಪಟ್ಟಾಗಬೇಕಾದರೆ ಕ್ಯಾಂಡೆಲಾ ನಾಲ್ಕು ಪಟ್ಟಾಗಬೇಕು ಎಂಬುದನ್ನೂ ನೆನಪಿಡಿ.

ಗಂಟೆಯ ಅಂಕಿಯೇ ಹೆಚ್ಚು ದಾರಿ ತಪ್ಪಿಸುವುದು. ಮಾನದಂಡದ ಪ್ರಕಾರ ಬೆಳಕು ಆರಂಭದ ಶೇ. 10ಕ್ಕೆ ಇಳಿಯುವವರೆಗೆ ಎಣಿಸುತ್ತಾರೆ. 1,500 ಲ್ಯೂಮೆನ್ ಟಾರ್ಚ್ ಎರಡು ನಿಮಿಷ ಉರಿದು 500ಕ್ಕೆ ಇಳಿದು, ಆಮೇಲೆ ಎರಡೂವರೆ ಗಂಟೆ ಅಲ್ಲೇ ತೆವಳಿದರೂ ಡಬ್ಬದ ಮೇಲೆ ‘1,500 ಲ್ಯೂಮೆನ್, 2.5 ಗಂಟೆ’ ಎಂದು ಬರೆಯಬಹುದು. ಅದು ಸುಳ್ಳಲ್ಲ, ಆದರೆ ಕೊಳ್ಳುವವರಿಗೆ ಬೇಕಾದ ಮಾಹಿತಿಯೂ ಅಲ್ಲ. ಹೊತ್ತು ಹೋದಂತೆ ಬೆಳಕು ಹೇಗೆ ಇಳಿಯುತ್ತದೆ ಎಂದು ತೋರಿಸುವ, ತಯಾರಕರು ಕೊಡುವ ರನ್‌ಟೈಮ್ ಗ್ರಾಫ್ ಹುಡುಕಿ. ಅದರಲ್ಲಿ ಮೊದಲ ಎತ್ತರದ ಮೂಗನ್ನು ಬಿಟ್ಟು, ಆಮೇಲೆ ಬರುವ ಸಮತಟ್ಟು ಗೆರೆ ಎಷ್ಟು ಲ್ಯೂಮೆನ್ನಿನಲ್ಲಿದೆ ಎಂದು ನೋಡಿ. ಆ ಟಾರ್ಚಿನ ನಿಜವಾದ ಬೆಳಕು ಅದು.

ಹೀಗೆ ಇಳಿಯುವುದು ದೋಷವಲ್ಲ, ಬಿಸಿಯ ಕಾರಣ. 1,500 ಲ್ಯೂಮೆನ್ ಎಂದರೆ 15 ವ್ಯಾಟಿನಷ್ಟು ಖರ್ಚು, ಅದರ ಬಹುಪಾಲು ಶಾಖವೇ. ನೂರೈವತ್ತು ಗ್ರಾಮಿನ ಲೋಹದ ಕೊಳವೆ ಅಷ್ಟನ್ನು ಗಾಳಿಗೆ ಬಿಡಲಾರದು. ಕೈಯಲ್ಲಿ ಹಿಡಿಯುವಷ್ಟು ಬಿಸಿಯಲ್ಲೇ ನಿಲ್ಲಬೇಕಾದರೆ ಈ ಗಾತ್ರದ ಟಾರ್ಚ್ ಸತತವಾಗಿ ಕೊಡಬಲ್ಲದ್ದು 500–700 ಲ್ಯೂಮೆನ್. ಅದಕ್ಕಿಂತ ಮೇಲಿನ ‘ಟರ್ಬೊ’ ಒಂದೆರಡು ನಿಮಿಷದ ಮಾತು. ಹಾಗೆಂದು ಅದು ಕೆಲಸಕ್ಕೆ ಬಾರದ್ದೂ ಅಲ್ಲ, ಏನೋ ಸದ್ದಾದಾಗ ಬೇಕಾಗುವುದು ಅಷ್ಟೇ ಹೊತ್ತು. ಆದರೆ ಅದಕ್ಕಾಗಿ ದುಡ್ಡು ಕೊಡುವ ಮುಂಚೆ ಒಂದು ಹಳೆಯ ಅಳತೆ ನೆನಪಿರಲಿ: ಜೇಬಿನ ಟ್ಯಾಕ್ಟಿಕಲ್ ಟಾರ್ಚ್ ಎಂಬ ಕಲ್ಪನೆಯನ್ನೇ ಅಮೆರಿಕದ ಪೊಲೀಸರಲ್ಲಿ ಬೇರೂರಿಸಿದ ಶ್ಯೂರ್‌ಫೈರ್ 6ಪಿ ಕೊಡುತ್ತಿದ್ದದ್ದು 65 ಲ್ಯೂಮೆನ್, ಎರಡು ಸಿಆರ್123 ಸೆಲ್ಲಿನಲ್ಲಿ ಒಂದು ಗಂಟೆ. ಇವತ್ತು ಅಷ್ಟು ಬೆಳಕು ಕೆಳಗಿನ ಮೋಡಿನಲ್ಲೇ ಸಿಗುತ್ತದೆ. ಬೆಳಕು ನಾಲ್ಕು ಪಟ್ಟಾದರೆ ಕಣ್ಣಿಗೆ ಎರಡು ಪಟ್ಟಿನಂತೆ ತೋರುತ್ತದೆ. 1,000ಕ್ಕೂ 1,300ಕ್ಕೂ ವ್ಯತ್ಯಾಸ ಕಾಣುವುದು ಡಬ್ಬದ ಮೇಲೆ ಮಾತ್ರ.

ದೂರ ಹೊಡೆಯುವ ಶಕ್ತಿ ಎಲ್ಲಿಂದ ಬರುತ್ತದೆ ಎಂದರೆ, ಎಲ್‌ಇಡಿಯ ಮೇಲ್ಮೈ ಎಷ್ಟು ಪ್ರಖರ ಮತ್ತು ಮುಂದಿನ ರಿಫ್ಲೆಕ್ಟರ್ (ಬೆಳಕನ್ನು ಮುಂದಕ್ಕೆ ತಿರುಗಿಸುವ ಹೊಳಪಿನ ಬಟ್ಟಲು) ಎಷ್ಟು ಅಗಲ ಎಂಬ ಎರಡರಿಂದ. ಅದಕ್ಕೇ 24 ಮಿ.ಮೀ. ತಲೆಯ ಟಾರ್ಚಿನಿಂದ 500 ಮೀಟರ್ ನಿರೀಕ್ಷಿಸುವುದು ವ್ಯರ್ಥ. ಜೇಬಿನ ಟಾರ್ಚಿಗೆ 8,000ದಿಂದ 15,000 ಕ್ಯಾಂಡೆಲಾ ಒಳ್ಳೆಯ ಅಳತೆ. ನಡುವೆ ಗಟ್ಟಿ ಬೆಳಕು, ಸುತ್ತ ಹರಡಿದ ಬೆಳಕು ಎರಡೂ ಇರುತ್ತವೆ.

ಸರಿಸಿದರೆ ಬೆಳಕಿನ ವೃತ್ತ ಚಿಕ್ಕದು ದೊಡ್ಡದು ಆಗುವ ಜೂಮ್ ಟಾರ್ಚುಗಳನ್ನು ಬಿಟ್ಟುಬಿಡಿ. ಪೂರ್ತಿ ಎಳೆದಾಗ ಎಲ್‌ಇಡಿಯಿಂದ ಪಕ್ಕಕ್ಕೆ ಹೋಗುವ ಬೆಳಕೆಲ್ಲ ಕೊಳವೆಯೊಳಗೇ ಸಾಯುತ್ತದೆ, ಮುಂದೆ ಒಂದು ಚೌಕದ ಬೆಳಕು ಬಿದ್ದು ಸುತ್ತ ಕತ್ತಲಾಗುತ್ತದೆ. ಮುಖ್ಯವಾದ ತೊಂದರೆ ಬೇರೆಯೇ ಇದೆ. ತಲೆಯನ್ನು ಹಿಂದೆ ಮುಂದೆ ಸರಿಸುವುದು ಸೈಕಲ್ ಪಂಪಿನಂತೆ ಕೆಲಸ ಮಾಡಿ ಗಾಳಿಯನ್ನು ಒಳಗೆಳೆಯುತ್ತದೆ, ಅದರ ಜತೆ ಧೂಳೂ ತೇವವೂ ಒಳಗೆ ಹೋಗುತ್ತವೆ. ಜೂನ್ ತಿಂಗಳಲ್ಲಿ ಅಂಥ ಟಾರ್ಚಿನ ಗಾಜು ಒಳಗಿನಿಂದ ಮಂಜಾಗುವುದು ಇದಕ್ಕೇ.

ಬೆಳಕಿನ ಬಣ್ಣ

ಎಲ್‌ಇಡಿಯ ಹೆಸರು ನೋಡಿ ಮರುಳಾಗುವುದು ಸುಲಭ. ‘ಕ್ರೀ ಟಿ6’ ಎಂದು ಕೊರೆದಿರುತ್ತಾರೆ. ಟಿ6 ಎಂಬುದು ಎಲ್‌ಇಡಿಯ ಹೆಸರೇ ಅಲ್ಲ, ಕ್ರೀ ಕಂಪನಿಯ ಎಕ್ಸ್‌ಎಂ-ಎಲ್ ಎಂಬ ಎಲ್‌ಇಡಿಯನ್ನು ಬೆಳಕಿನ ಮೇಲೆ ವಿಂಗಡಿಸುವಾಗ ಕೊಟ್ಟ ದರ್ಜೆ. ಈಗ ಒಳ್ಳೆಯ ಟಾರ್ಚುಗಳಲ್ಲಿ ಕಾಣುವುದು ಲ್ಯೂಮಿನಸ್ ಕಂಪನಿಯ ಎಸ್‌ಎಫ್‌ಟಿ40, ಎಸ್‌ಎಸ್‌ಟಿ40, ನಿಚಿಯಾದ 519ಎ ಮುಂತಾದವು. ಮೊದಲಿನೆರಡು ಹೆಚ್ಚು ಬೆಳಕಿಗೆ, ನಿಚಿಯಾ 519ಎ ಬಣ್ಣದ ನಿಖರತೆಗೆ.

ಈ ಬಣ್ಣದ ವಿಷಯವನ್ನು ನಮ್ಮಲ್ಲಿ ಬಹಳ ಮಂದಿ ಹಗುರವಾಗಿ ತೆಗೆದುಕೊಳ್ಳುತ್ತಾರೆ, ತೆಗೆದುಕೊಳ್ಳಬಾರದು. ಬೆಳಕಿನ ಬಣ್ಣವನ್ನು ಕೆಲ್ವಿನ್ನಿನಲ್ಲಿ ಅಳೆಯುತ್ತಾರೆ, ಅಂಕಿ ಏರಿದಷ್ಟೂ ನೀಲಿ. ಅಗ್ಗದ ಟಾರ್ಚುಗಳು 6,500 ಕೆಲ್ವಿನ್ನಿನ ನೀಲಿ ಮಿಶ್ರಿತ ಬಿಳಿ ಬೆಳಕು ಕೊಡುತ್ತವೆ, ಬಣ್ಣ ತೋರಿಸುವ ಅಂಕ (ಸಿಆರ್‌ಐ) ನೂರಕ್ಕೆ 70ರ ಆಸುಪಾಸು. ಅದರಲ್ಲಿ ಕೆಂಪು, ಕಂದು ಬಣ್ಣಗಳು ಸತ್ತಂತೆ ಕಾಣುತ್ತವೆ. ಅಡಿಕೆ ತೋಟದ ಒಣ ಸೋಗೆ, ತರಗೆಲೆಯ ಮೇಲೆ ಅಲುಗದೆ ಮಲಗಿದ ಕೊಳಕು ಮಂಡಲದ ಮೈಮೇಲಿನ ಕಂದು ಸರಪಳಿಯ ಗುರುತು ಆ ಬೆಳಕಿನಲ್ಲಿ ತರಗೆಲೆಯೊಂದಿಗೆ ಬೆರೆತುಹೋಗುತ್ತದೆ. 4,000ದಿಂದ 5,000 ಕೆಲ್ವಿನ್, ಬಣ್ಣದ ಅಂಕ 90ಕ್ಕಿಂತ ಮೇಲೆ ಇರುವ ಎಲ್‌ಇಡಿಯಲ್ಲಿ ಒಟ್ಟು ಬೆಳಕು ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಮಣ್ಣು ಮಣ್ಣಿನಂತೆ, ಎಲೆ ಎಲೆಯಂತೆ ಕಾಣುತ್ತದೆ. ವೈರಿನ ಬಣ್ಣ ನೋಡಿ ಸ್ಟಾರ್ಟರ್ ರಿಪೇರಿ ಮಾಡುವವರಿಗೂ ಇದೇ ಬೇಕು. ಬೆಚ್ಚಗಿನ ಬೆಳಕಿಗೆ ಹುಳುಗಳೂ ಕಡಿಮೆ ಮುತ್ತುತ್ತವೆ.

ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಹೊಲಕ್ಕೆ ರಾತ್ರಿ ಹೋಗಲೇಬೇಕಾದವರ ಕೈಯಲ್ಲಿ ಇರುವ ಬೆಳಕು ಎಂಥದ್ದು ಎಂಬುದು ಅವರ ಜೀವದ ಪ್ರಶ್ನೆ.

ಸ್ವಿಚ್ಚು

ಹಿಂಬದಿಯ ಸ್ವಿಚ್ಚಿನಲ್ಲಿ ಎರಡು ಜಾತಿ. ಒಂದರಲ್ಲಿ ಅರ್ಧ ಒತ್ತಿದರೇ ಹೊತ್ತುತ್ತದೆ, ಬೆರಳು ಬಿಟ್ಟರೆ ಆರುತ್ತದೆ, ಪೂರ್ತಿ ಒತ್ತಿ ‘ಟಕ್’ ಎಂದರೆ ಹೊತ್ತಿಯೇ ಇರುತ್ತದೆ. ಇದಕ್ಕೆ ಫಾರ್ವರ್ಡ್ ಕ್ಲಿಕ್ಕಿ ಎನ್ನುತ್ತಾರೆ. ಇನ್ನೊಂದು ರಿವರ್ಸ್ ಕ್ಲಿಕ್ಕಿ: ‘ಟಕ್’ ಎಂದು ಒತ್ತಿ ಬೆರಳು ಬಿಟ್ಟ ಮೇಲೆಯೇ ಬೆಳಕು, ಆಮೇಲೆ ಅರ್ಧರ್ಧ ಒತ್ತುತ್ತಾ ಮೋಡ್ ಬದಲಾಯಿಸುವುದು. ಕಾವಲು, ಗಸ್ತು ಕೆಲಸಕ್ಕೆ ಫಾರ್ವರ್ಡ್ ಒಂದೇ ಸರಿ. ಕ್ಷಣ ಬೆಳಗಿಸಿ ನೋಡಿ ಆರಿಸಿ ಜಾಗ ಬದಲಿಸಲು ಬರುವುದು ಅದರಲ್ಲೇ. ಮನೆ, ತೋಟ, ಬೈಕಿನ ಕೆಲಸಕ್ಕೆ ರಿವರ್ಸ್ ಕೂಡ ಸಾಕು.

ಅಗ್ಗದ ಟಾರ್ಚಿನಲ್ಲಿ ಹೆಚ್ಚು, ಮಧ್ಯಮ, ಕಡಿಮೆ, ಮಿಣುಕು, ಎಸ್‌ಒಎಸ್ (ಅಪಾಯದ ಸಂಕೇತ) ಎಂಬ ಐದು ಮೋಡುಗಳು ಒಂದರ ಹಿಂದೆ ಒಂದು ಸುತ್ತುತ್ತವೆ. ಪ್ರತಿ ಸಲ ಆರಿಸಿ ಹೊತ್ತಿಸಿದಾಗ ಮುಂದಿನದು ಬರುತ್ತದೆ. ನಾಯಿ ಬೊಗಳಿದ ಕಡೆ ಬೆಳಕು ಹಾಕಲು ಹೋದರೆ ಮಿಣಮಿಣ ಎನ್ನತೊಡಗುತ್ತದೆ. ಅಂಥದ್ದನ್ನು ಬಿಟ್ಟಿ ಕೊಟ್ಟರೂ ಬೇಡ. ಎರಡು ಸ್ವಿಚ್ಚಿನ ವ್ಯವಸ್ಥೆ ಬಹಳ ಚೆನ್ನ: ಹಿಂದಿನದು ಹೊತ್ತಿಸಲು ಆರಿಸಲು ಮಾತ್ರ, ಪಕ್ಕದ್ದು ಬೆಳಕಿನ ಮಟ್ಟಕ್ಕೆ. ಫೀನಿಕ್ಸ್ ಪಿಡಿ35 ಈ ಬಗೆಯದು. ಬರೀ ಪಕ್ಕದ ಎಲೆಕ್ಟ್ರಾನಿಕ್ ಸ್ವಿಚ್ ಇರುವ ವರ್ಕೋಸ್ ಎಫ್‌ಸಿ11ರಂಥವು ದಿನಬಳಕೆಗೆ ಅನುಕೂಲ, ಅದರ ಹಿಂದಿನ ಅಯಸ್ಕಾಂತ ಬೈಕು, ಟ್ರ್ಯಾಕ್ಟರ್ ರಿಪೇರಿಯಲ್ಲಿ ಮೂರನೇ ಕೈಯಾಗುತ್ತದೆ. ಆದರೆ ಎಲೆಕ್ಟ್ರಾನಿಕ್ ಸ್ವಿಚ್ಚು ಆರಿಸಿದಾಗಲೂ ತುಸು ಕರೆಂಟು ಕುಡಿಯುತ್ತಲೇ ಇರುತ್ತದೆ, ಜೇಬಿನಲ್ಲಿ ಒತ್ತಿ ತಾನೇ ಹೊತ್ತಿಕೊಂಡರೆ ತೊಡೆ ಸುಡುವಷ್ಟು ಬಿಸಿಯೂ ಆಗಬಹುದು. ಇದಕ್ಕೆ ಮದ್ದು ಹಿಂಬದಿಯ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸುವುದು. ಮುಚ್ಚಳ ತಿರುಗುವ ಥ್ರೆಡ್ಡಿಗೂ ಆನೊಡೈಸಿಂಗ್ (ಅಲ್ಯೂಮಿನಿಯಂ ಮೇಲೆ ಮಾಡುವ ಗಟ್ಟಿ ಆಕ್ಸೈಡ್ ಪದರ) ಆಗಿದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ. ಆನೊಡೈಸಿಂಗ್ ಪದರ ಕರೆಂಟು ಹರಿಯಲು ಬಿಡುವುದಿಲ್ಲ, ಹಾಗಾಗಿ ಅಂಚು ತಾಗದಿದ್ದರೆ ಸರ್ಕ್ಯೂಟ್ ಮುರಿಯುತ್ತದೆ. ಥ್ರೆಡ್ ಬರಿಯ ಬೆಳ್ಳಿ ಬಣ್ಣದ ಲೋಹವಾಗಿದ್ದರೆ ಎಷ್ಟು ಸಡಿಲಿಸಿದರೂ ಹೊತ್ತುತ್ತದೆ.

ಮಿಣುಕು ಬೆಳಕು ಎದುರಾಳಿಯನ್ನು ತಬ್ಬಿಬ್ಬು ಮಾಡುತ್ತದೆ ಎಂದು ಜಾಹೀರಾತುಗಳು ಹೇಳುತ್ತವೆ. ಹತ್ತಿರದಲ್ಲಿ ಮಾಡಲೂಬಹುದು, ಆದರೆ ಮಂಜಿನಲ್ಲಿ, ಬಿಳಿ ಗೋಡೆಯ ಕೋಣೆಯಲ್ಲಿ ಹಿಡಿದವರಿಗೂ ಅದೇ ಗತಿ. ಆನೆಯ ಮುಂದೆ ಅದನ್ನು ನೆಚ್ಚಿಕೊಂಡು ನಿಲ್ಲುವುದಂತೂ ಬೇಡವೇ ಬೇಡ.

ಮೈ, ನೀರು, ಪೆಟ್ಟು

6061 ದರ್ಜೆಯ ಅಲ್ಯೂಮಿನಿಯಂ, ಟೈಪ್ 3 ಹಾರ್ಡ್ ಆನೊಡೈಸಿಂಗ್ ಇದ್ದರೆ ಮೈಯ ಚಿಂತೆ ಇಲ್ಲ. ಬಿದ್ದಾಗ ಕೆಡುವುದು ಸಾಮಾನ್ಯವಾಗಿ ಮೈಯಲ್ಲ, ಒಳಗಿನ ಸಂಪರ್ಕ. ಸೆಲ್ಲಿನ ಎರಡೂ ತುದಿಗೆ ಸ್ಪ್ರಿಂಗ್ ಇರುವ ಟಾರ್ಚ್ ಬಿದ್ದಾಗ ಸೆಲ್ ಜಿಗಿದರೂ ಸಂಪರ್ಕ ತಪ್ಪುವುದಿಲ್ಲ. ಒಂದೇ ಕಡೆ ಸ್ಪ್ರಿಂಗ್ ಇದ್ದರೆ ಬೆಳಕು ಆರುತ್ತದೆ, ಇಲ್ಲವೇ ಮೋಡ್ ಬದಲಾಗುತ್ತದೆ. ಎಫ್‌ಎಲ್1ರ ಪ್ರಕಾರ ಕನಿಷ್ಠ 1 ಮೀಟರ್ ಎತ್ತರದಿಂದ ಕಾಂಕ್ರೀಟಿಗೆ ಬೀಳಿಸಿ ನೋಡಿರಬೇಕು. 1.5 ಮೀಟರ್ ಎಂದಿದ್ದರೆ ಇನ್ನೂ ಒಳ್ಳೆಯದು, ನಿಂತವರ ಭುಜದ ಎತ್ತರ ಹೆಚ್ಚು ಕಡಿಮೆ ಅಷ್ಟೇ ತಾನೆ.

ನೀರಿಗೆ ಐಪಿಎಕ್ಸ್4 ಎಂದರೆ ಎರಚಿದ ನೀರು ತಡೆಯುತ್ತದೆ ಎಂದಷ್ಟೇ. ಐಪಿಎಕ್ಸ್7 ಎಂದರೆ 1 ಮೀಟರ್ ಆಳದಲ್ಲಿ 30 ನಿಮಿಷ. ಐಪಿಎಕ್ಸ್8 ಅದಕ್ಕಿಂತ ಕಠಿಣ, ಆಳ ಎಷ್ಟೆಂದು ತಯಾರಕರೇ ಹೇಳಬೇಕು. ಆಗುಂಬೆಯ ಮಳೆಗೆ, ಕಾಲುವೆ ದಾಟುವ ಕೆಲಸಕ್ಕೆ 7 ಇಲ್ಲವೇ 8 ಇರಲಿ. ಮುಂದಿನ ಅಂಚಿನಲ್ಲಿ ಹಲ್ಲು ಹಲ್ಲಾಗಿ ಕೊರೆದ ಬಳೆ ನೋಡಲು ಗಡಸಾಗಿ ಕಾಣುತ್ತದೆ, ಜೇಬು ಹರಿಯುತ್ತದೆ. ಹೆಚ್ಚು ಎತ್ತರವಿಲ್ಲದ ಅಲೆಯಂಥ ಅಂಚು ಸಾಕು: ತಲೆಕೆಳಗಾಗಿ ಮೇಜಿನ ಮೇಲೆ ಇಟ್ಟಾಗ ಹೊತ್ತಿದೆಯೋ ಇಲ್ಲವೋ ಎಂದು ಸಂದಿನಲ್ಲಿ ಕಾಣುತ್ತದೆ.

ಗಾತ್ರಕ್ಕೆ ಕಾನ್ವಾಯ್ ಎಸ್2+ ಎಂಬ ಟಾರ್ಚ್ ಒಂದು ಒಳ್ಳೆಯ ಅಳತೆಗೋಲು. ಸುಮಾರು 118 ಮಿ.ಮೀ. ಉದ್ದ, 24 ಮಿ.ಮೀ. ದಪ್ಪ. ಅದಕ್ಕಿಂತ ಬಹಳ ದೊಡ್ಡದಾದರೆ ದಿನಾ ಜೇಬಿಗೆ ಹಾಕಿಕೊಳ್ಳುವ ಮನಸ್ಸಾಗುವುದಿಲ್ಲ. ಅದರ ಸ್ವಿಚ್ಚು, ಡ್ರೈವರ್ (ಎಲ್‌ಇಡಿಗೆ ಹೋಗುವ ಕರೆಂಟನ್ನು ಹದದಲ್ಲಿಡುವ ಸರ್ಕ್ಯೂಟ್), ಗಾಜು, ಓ ರಿಂಗ್ (ನೀರು ತಡೆಯುವ ರಬ್ಬರ್ ಬಳೆ) ಎಲ್ಲ ಬಿಡಿಬಿಡಿಯಾಗಿ ಸಿಗುವುದರಿಂದ ಬೆಸುಗೆ ಗೊತ್ತಿರುವವರಿಗೆ ಹತ್ತು ವರ್ಷದ ಸಂಗಾತಿ. ಸ್ವಿಚ್ಚು ಮಾತ್ರ ರಿವರ್ಸ್ ಜಾತಿಯದು.

ಕೈಗೆ ಬಂದ ಮೇಲೆ ಪರೀಕ್ಷೆ

ವಾಪಸ್ ಮಾಡುವ ಅವಧಿ ಮುಗಿಯುವುದರೊಳಗೆ ಇವನ್ನು ಮಾಡಿ ಮುಗಿಸಿ. ಸೆಲ್ ಹಾಕಿ ಕಿವಿಯ ಹತ್ತಿರ ಅಲ್ಲಾಡಿಸಿ, ಲಟಲಟ ಎಂದರೆ ಸೆಲ್ಲಿನ ಉದ್ದಕ್ಕೂ ಕೊಳವೆಗೂ ಹೊಂದಿಲ್ಲ. ಬಿಳಿ ಗೋಡೆಗೆ ಬೆಳಕು ಹಾಕಿ. ನಡುವಿನ ಚುಕ್ಕೆಯಲ್ಲಿ ಕಪ್ಪು ತೂತು ಇದ್ದರೆ ಎಲ್‌ಇಡಿ ರಿಫ್ಲೆಕ್ಟರಿನ ಸರಿಯಾದ ಎತ್ತರದಲ್ಲಿ ಕೂತಿಲ್ಲ. ಕಡಿಮೆ ಮೋಡಿನಲ್ಲಿ ಹೊತ್ತಿಸಿ ಮೊಬೈಲ್ ಕ್ಯಾಮೆರಾದಲ್ಲಿ ನೋಡಿ: ದಪ್ಪ ಗೆರೆಗಳು ಓಡುತ್ತಿದ್ದರೆ ಟಾರ್ಚ್ ವೇಗವಾಗಿ ಆರಿ ಹೊತ್ತಿ ಬೆಳಕು ಕಡಿಮೆ ಮಾಡುತ್ತಿದೆ ಎಂದರ್ಥ. ತಿರುಗುವ ಬೆಲ್ಟು, ಫ್ಯಾನಿನ ಹತ್ತಿರ ಕೆಲಸ ಮಾಡುವವರಿಗೆ ಅದು ಅಪಾಯ, ತಿರುಗುವುದು ನಿಂತಂತೆ ಕಾಣಬಹುದು.

ಪೂರ್ತಿ ಬೆಳಕಿನಲ್ಲಿ ಐದು ನಿಮಿಷ ಕೈಯಲ್ಲಿ ಹಿಡಿದು ಹೊತ್ತಿಸಿ. ತಲೆ ಬಿಸಿಯಾಗಬೇಕು. ಬಿಸಿಯಾಗುತ್ತಿದೆ ಎಂದು ದೂರುವವರೇ ಹೆಚ್ಚು, ಆದರೆ ಅಷ್ಟು ಬೆಳಕು ಕೊಡುತ್ತಲೂ ತಲೆ ತಣ್ಣಗಿದ್ದರೆ ಎಲ್‌ಇಡಿಯ ತಾಮ್ರದ ಬಿಲ್ಲೆ ಮೈಗೆ ಸರಿಯಾಗಿ ಕೂತಿಲ್ಲ, ಶಾಖವೆಲ್ಲ ಎಲ್‌ಇಡಿಯಲ್ಲೇ ಉಳಿದು ಅದನ್ನು ತಿನ್ನುತ್ತಿದೆ.

ಯುಎಸ್‌ಬಿ ಸಿ ಪೋರ್ಟ್ ಇದ್ದರೆ ಎರಡೂ ಕಡೆ ಸಿ ಇರುವ ಕೇಬಲ್ಲಿನಲ್ಲೇ ಚಾರ್ಜ್ ಆಗುತ್ತದೆಯೇ ನೋಡಿ. ಎಷ್ಟೋ ಟಾರ್ಚುಗಳು ಹಳೆಯ ಚಪ್ಪಟೆ ತುದಿಯ ಎ-ಸಿ ಕೇಬಲ್ಲಿನಲ್ಲಿ ಮಾತ್ರ ಚಾರ್ಜ್ ಆಗುತ್ತವೆ, ಯಾಕೆಂದರೆ ಪೋರ್ಟಿನಲ್ಲಿ ಇರಬೇಕಾದ 5.1 ಕಿಲೋ ಓಮಿನ ಎರಡು ರೆಸಿಸ್ಟರುಗಳನ್ನು ಹಾಕಿರುವುದಿಲ್ಲ, ಹೊಸ ಚಾರ್ಜರಿಗೆ ತುದಿಯಲ್ಲಿ ಏನೋ ಇದೆ ಎಂದೇ ಗೊತ್ತಾಗುವುದಿಲ್ಲ. ಕೆಟ್ಟಿದೆ ಎಂದು ಎಸೆಯಬೇಡಿ, ಕೇಬಲ್ ಬದಲಿಸಿ. ಚಾರ್ಜ್ ಪೂರ್ತಿಯಾದ ಮೇಲೆ ಸೆಲ್ ತೆಗೆದು ಮಲ್ಟಿಮೀಟರಿನಲ್ಲಿ ಅಳೆಯಿರಿ. 4.15ರಿಂದ 4.20 ವೋಲ್ಟ್ ಇರಬೇಕು. 4.25 ದಾಟಿದರೆ ಆ ಟಾರ್ಚಿನಲ್ಲಿ ಸೆಲ್ ಚಾರ್ಜ್ ಮಾಡಲೇಬೇಡಿ.

ಕೊನೆಗೆ ಒಂದು ಟಿಶ್ಯೂ ಕಾಗದ ಮಡಚಿ ಸೆಲ್ ಇಲ್ಲದ ಕೊಳವೆಯೊಳಗೆ ಇಟ್ಟು, ಮುಚ್ಚಿ, ಬಕೆಟ್ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿ. ಕಾಗದ ಒಣಗಿದ್ದರೆ ಮಳೆಗಾಲಕ್ಕೆ ಸೈ.

ಸೆಲ್ಲಿನ ಜತೆ ಎಚ್ಚರ

18650 ಸೆಲ್ಲಿನ ಹೊರಮೈ ಇಡೀ ಋಣ ತುದಿ. ಮೇಲಿನ ಧನ ತುದಿಯ ಅಂಚಿನವರೆಗೂ ಅದು ಬರುತ್ತದೆ, ನಡುವೆ ಇರುವುದು ತೆಳು ಪ್ಲಾಸ್ಟಿಕ್ ಹೊದಿಕೆ ಮತ್ತು ಒಂದು ಬಿಳಿ ಬಿಲ್ಲೆ. ಹೊದಿಕೆ ಹರಿದ ಸೆಲ್ಲನ್ನು ಬಳಸಬಾರದು. ಬಿಡಿ ಸೆಲ್ಲನ್ನು ಕೀಲಿಕೈ, ಚಿಲ್ಲರೆಯ ಜತೆ ಜೇಬಿಗೆ ಹಾಕಬಾರದು, ಶಾರ್ಟ್ ಆದರೆ ಬೆಂಕಿ. ಪ್ಲಾಸ್ಟಿಕ್ ಡಬ್ಬಿಯಲ್ಲೇ ಒಯ್ಯಬೇಕು. ರಕ್ಷಣಾ ಸರ್ಕ್ಯೂಟ್ ಇರುವ ಸೆಲ್ 68–70 ಮಿ.ಮೀ. ಉದ್ದವಾಗುವುದರಿಂದ ಕೆಲವು ಟಾರ್ಚುಗಳಲ್ಲಿ ಮುಚ್ಚಳ ಕೂರುವುದಿಲ್ಲ, ಬಲವಂತವಾಗಿ ತಿರುಗಿಸಿದರೆ ಸ್ಪ್ರಿಂಗ್ ನೆಲಕಚ್ಚುತ್ತದೆ. ಕೊಳ್ಳುವಾಗಲೇ ಬೇಕಾದದ್ದು ಚಪ್ಪಟೆ ತುದಿಯ ಸೆಲ್ಲೋ ಉಬ್ಬಿದ ತುದಿಯದೋ ಎಂದು ಟಾರ್ಚಿನ ಕೈಪಿಡಿ ನೋಡಿಕೊಳ್ಳಿ. ಎರಡು ಮೂರು ಲಿಥಿಯಂ ಸೆಲ್ಲುಗಳನ್ನು ಸಾಲಾಗಿ ಹಾಕುವ ಟಾರ್ಚುಗಳಲ್ಲಿ ಒಂದು ಹಳೆಯದು ಒಂದು ಹೊಸದು ಸೇರಿದರೆ ದುರ್ಬಲ ಸೆಲ್ ತಲೆಕೆಳಗಾಗಿ ಚಾರ್ಜ್ ಆಗಿ ಸಿಡಿಯುವ ಅಪಾಯ ಇದೆ. ಒಂದೇ ಸೆಲ್ಲಿನ ಟಾರ್ಚನ್ನು ಇಲ್ಲಿ ಒತ್ತಿ ಹೇಳುವುದಕ್ಕೆ ಅದೂ ಒಂದು ಕಾರಣ.

ವಿಮಾನದಲ್ಲಿ ಹೋಗುವಾಗ ಬಿಡಿ ಸೆಲ್ಲುಗಳು ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಮಾಡುವ ಲಗೇಜಿನಲ್ಲಿ ಹಾಕುವಂತಿಲ್ಲ. 100 ವ್ಯಾಟ್ ಅವರ್ ಮಿತಿಗೆ 12.6 ಬಹಳ ಕೆಳಗೇ ಇದೆ.

ಹಿಡಿಯುವ ಬಗೆ, ಕೆಡುವ ಬಗೆ

ನಡೆಯುವಾಗ ಟಾರ್ಚನ್ನು ಸೊಂಟದ ಮಟ್ಟದಲ್ಲಿ, ನೆಲಕ್ಕೆ ಓರೆಯಾಗಿ ಹಿಡಿಯಿರಿ. ಬೆಳಕು ಅಡ್ಡಡ್ಡ ಬಿದ್ದಾಗ ಕಲ್ಲು, ಗುಂಡಿ, ಹಾವು ಎಲ್ಲದಕ್ಕೂ ಉದ್ದ ನೆರಳು ಬೀಳುತ್ತದೆ, ಕಣ್ಣು ಗುರುತು ಹಿಡಿಯುವುದು ಆ ನೆರಳನ್ನು. ಹಣೆಯ ಮೇಲಿನ ಲೈಟಿನಲ್ಲಿ ನೆರಳು ವಸ್ತುವಿನ ಹಿಂದೆಯೇ ಅಡಗಿ ಎಲ್ಲ ಚಪ್ಪಟೆಯಾಗಿ ಕಾಣುತ್ತದೆ. ಮಂಜಿನಲ್ಲೂ ಇದೇ ಮಾತು: ಕಣ್ಣಿನ ಹತ್ತಿರ ಹಿಡಿದರೆ ಮಂಜಿನ ಹನಿಗಳಿಂದ ಬೆಳಕು ನೇರ ಕಣ್ಣಿಗೇ ಮರಳಿ ಬಿಳಿ ಗೋಡೆ ಎದ್ದಂತಾಗುತ್ತದೆ, ಕೆಳಗೆ ಹಿಡಿದು ಬೆಳಕೂ ಕಡಿಮೆ ಮಾಡಿದರೆ ದಾರಿ ಕಾಣುತ್ತದೆ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20–30 ನಿಮಿಷ ಬೇಕು, ಒಂದು ಸಲ ಟರ್ಬೊ ಹಾಕಿದರೆ ಅದೆಲ್ಲ ಹೋಯಿತು. ಮನೆಯೊಳಗೆ, ದಾರಿಯಲ್ಲಿ ಅಗತ್ಯವಿರುವಷ್ಟೇ ಬೆಳಕು ಬಳಸಿ.

ಟಾರ್ಚ್ ಮಿಣುಗುಟ್ಟತೊಡಗಿದರೆ ಹತ್ತರಲ್ಲಿ ಎಂಟು ಸಲ ಕಾರಣ ಹಿಂಬದಿಯ ಮುಚ್ಚಳದೊಳಗೆ ಸ್ವಿಚ್ಚನ್ನು ಹಿಡಿದಿಟ್ಟ ಲೋಹದ ಬಳೆ ಸಡಿಲಾಗಿರುವುದು. ಆ ಬಳೆಯಲ್ಲಿ ಎರಡು ತೂತು ಇರುತ್ತವೆ, ಚೂಪು ಮೂಗಿನ ಇಕ್ಕಳ ಅಥವಾ ಚಿಮಟಿಗೆಯ ಎರಡು ತುದಿ ಅದರಲ್ಲಿಟ್ಟು ಬಿಗಿ ಮಾಡಿದರೆ ಸರಿಹೋಗುತ್ತದೆ. ಆಗಲೂ ಸರಿಯಾಗದಿದ್ದರೆ ಕೊಳವೆಯ ಅಂಚನ್ನೂ ಥ್ರೆಡ್ಡನ್ನೂ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಕಪ್ಪು ಹೋಗುವವರೆಗೆ ಒರೆಸಿ. ಆಮೇಲೆ ಥ್ರೆಡ್ಡಿಗೂ ಓ ರಿಂಗಿಗೂ ಅಕ್ಕಿಕಾಳಿನಷ್ಟು ಸಿಲಿಕೋನ್ ಗ್ರೀಸ್ ಹಚ್ಚಿ. ತೆಂಗಿನೆಣ್ಣೆ ಚಳಿಗೆ ಗಟ್ಟಿಯಾಗಿ ಜಿಡ್ಡು ಹಿಡಿಯುತ್ತದೆ, ಎಂಜಿನ್ ಆಯಿಲ್ ಕೆಲವು ಬಗೆಯ ರಬ್ಬರನ್ನು ಉಬ್ಬಿಸುತ್ತದೆ, ಎರಡೂ ಬೇಡ. ವರ್ಷಕ್ಕೆ ಎರಡು ಸಲ, ಮುಖ್ಯವಾಗಿ ಮೇ ಕೊನೆಯಲ್ಲಿ ಒಮ್ಮೆ, ಇದನ್ನು ಮಾಡಿದರೆ ಸಾಕು.

ಮನೆಯ ಎಎ ಟಾರ್ಚಿನಲ್ಲಿ ಆಲ್ಕಲೈನ್ ಸೆಲ್ ಬಿಟ್ಟು ಮರೆತಿದ್ದರೆ ಅದು ಸೋರುವುದು ಹೆಚ್ಚುಕಡಿಮೆ ಖಂಡಿತ. ಸೋರುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಕ್ಷಾರ ಅಲ್ಯೂಮಿನಿಯಮ್ಮನ್ನು ತಿಂದು ಸೆಲ್ಲನ್ನು ಒಳಗೇ ಕಚ್ಚಿಸುತ್ತದೆ. ಬಿಳಿ ಪುಡಿ ಮಾತ್ರ ಕಂಡಿದ್ದರೆ ಕೈಗವಸು ಹಾಕಿ, ನಿಂಬೆರಸ ಅಥವಾ ವಿನೆಗರ್ ಅದ್ದಿದ ಹತ್ತಿಯಿಂದ ಒರೆಸಿ, ಆಮೇಲೆ ನೀರಿನ ಹತ್ತಿ, ಆಮೇಲೆ ಒಂದು ದಿನ ಒಣಗಿಸುವುದು. ಕರೆಂಟು ಹೋದಾಗಿನ ಟಾರ್ಚಿಗೆ ಎನೆಲೂಪ್‌ನಂಥ ನಿಕ್ಕಲ್ ಸೆಲ್ ಹಾಕಿಡುವುದು ಒಳ್ಳೆಯದು, ಸೋರುವುದು ಅಪರೂಪ, ವರ್ಷ ಕಳೆದರೂ ಚಾರ್ಜ್ ಉಳಿಯುತ್ತದೆ.

ಲಿಥಿಯಂ ಸೆಲ್ಲನ್ನು ಬಹಳ ದಿನ ತೆಗೆದಿಡುವುದಾದರೆ ಪೂರ್ತಿ ಚಾರ್ಜ್ ಮಾಡಿ ಇಡಬೇಡಿ, 3.7–3.8 ವೋಲ್ಟಿನಲ್ಲಿ ಇಡಿ. ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಡಬೇಡಿ. 2.5 ವೋಲ್ಟಿಗಿಂತ ಕೆಳಗಿಳಿದ, ಉಬ್ಬಿದ, ಚಾರ್ಜ್ ಮಾಡುವಾಗ ಕೈ ಸುಡುವ ಸೆಲ್ಲಿನ ಆಯುಸ್ಸು ಮುಗಿಯಿತು. ಅದರ ಎರಡೂ ತುದಿಗೆ ಇನ್ಸುಲೇಷನ್ ಟೇಪ್ ಅಂಟಿಸಿ, ಮನೆಯ ಕಸಕ್ಕೆ ಹಾಕದೆ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.